ನಾಲ್ಕು ಬೆರಳು ಆಳ

ವಿಲಾಯತಿಗೆ ಹೊರಟವನಿಗೆ ಇರಬೇಕಾದ ಅಂಜಿಕೆ ನನಗೆ ಎಳ್ಳಷ್ಟೂ ಇರಲಿಲ್ಲ. ಇದ್ದದ್ದು ಸೊಕ್ಕು. ಶಿರಹಟ್ಟಿ ತಾಲೂಕಿನ ಎರೆ ಹೊಲದಲ್ಲಿ ಬೆಳೆದವನಿಗೆ ಒಕ್ಕಲುತನ ಕಲಿಸಲು ಆ ಬಿಳಿಯರಿಂದ ಆಗುತ್ತದೆಯೇ? ಅವರನ್ನು ದೇಶ ಬಿಡಿಸಿ ಏಳು ವರ್ಷವಾಗಿತ್ತಷ್ಟೆ. ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಎರಡು ವರ್ಷ ಇಂಗ್ಲೆಂಡಿನಲ್ಲಿ ಓದಲು ಹೊರಟಿದ್ದೆ. ಬೀಳ್ಕೊಡಲು ಅರ್ಧ ಊರೇ ಗದಗ ಸ್ಟೇಷನ್ನಿಗೆ ಬಂದಿತ್ತು. ಅವ್ವ ಮಾತ್ರ ನನ್ನ ಹೊಸ ಬೂಟುಗಳನ್ನೇ ನೋಡುತ್ತ ನಿಂತಿದ್ದಳು.

"ಇವನ್ನ ಹಾಕ್ಕೊಂಡ ಹೊಲದಾಗ ಇಳೀತಾರೇನಲೇ ಅಲ್ಲಿ?"

"ಹೂಂ ಅವ್ವ, ಅಲ್ಲಿ ಥಂಡಿ ಭಾಳ."

"ಹಂಗಾದ್ರ ಹೊಲದ ಖಬರ ಅವರಿಗೆ ಹೆಂಗ ಗೊತ್ತಾಕ್ಕೈತಿ?"

ನಾನು ನಕ್ಕುಬಿಟ್ಟೆ. ರೈಲು ಹೊರಟಿತು.

ಅಲ್ಲಿಯ ಕಾಲೇಜಿನಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ತುಂಡು ಹೊಲ ಕೊಡುತ್ತಿದ್ದರು. ಬಿತ್ತನೆಯಿಂದ ಸುಗ್ಗಿಯವರೆಗೆ ಅದರ ಹೊಣೆ ಅವನದೇ. ಮೊದಲ ವರ್ಷ ಅದರಲ್ಲಿ ಪಾಸಾಗದಿದ್ದರೆ ಎರಡನೆಯ ವರ್ಷದ ವಿದ್ಯಾರ್ಥಿವೇತನ ಇಲ್ಲ, ಗಂಟು ಕಟ್ಟಿಕೊಂಡು ಊರಿಗೆ ವಾಪಸ್. ನನಗೆ ಸಿಕ್ಕ ತುಂಡು ಕಪ್ಪಗೆ, ಜಿಗುಟಾಗಿ, ಥೇಟ್ ನಮ್ಮ ಎರೆಯ ಹಾಗೇ ಕಂಡಿತು. ಖುಷಿಯಿಂದ ಕುಣಿಯುವುದೊಂದು ಬಾಕಿ.

ನಮ್ಮಲ್ಲಿ ಹಿಂಗಾರಿ ಜೋಳ ಬಿತ್ತುವಾಗ ಅಪ್ಪ ಎತ್ತು ಕಟ್ಟಿ ಬಿತ್ತನೆಯ ಕೂರಿಗೆ ಹೊಡೆಯುತ್ತಿದ್ದ. ಅವ್ವ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಬೀಜ ಬಿಡುತ್ತಿದ್ದಳು. ಬೀಜ ನಾಲ್ಕು ಬೆರಳು ಆಳಕ್ಕೆ ಹೋಗಬೇಕು, ಅವ್ವನ ಮಾತಿನಲ್ಲಿ ನಾಕ ಬಳ್ಳ. ಹಿಂಗಾರಿಯಲ್ಲಿ ಆಮೇಲೆ ಮಳೆ ಬರುವ ಖಾತ್ರಿ ಇಲ್ಲ, ಒಳಗಿನ ಹಸಿಯನ್ನೇ ಕುಡಿದು ಪೈರು ಏಳಬೇಕು. ನಾಲ್ಕು ಬೆರಳು ಎನ್ನುವುದು ನನಗೆ ಹೆಸರಿನಷ್ಟೇ ಬಾಯಿಪಾಠವಾಗಿತ್ತು. ಗೋದಿಯನ್ನು ಎರಡು ಬೆರಳಿಗಿಂತ ಆಳಕ್ಕೆ ಹಾಕಬೇಡ ಎಂದು ಪ್ರಾಧ್ಯಾಪಕರು ಹೇಳಿದರೂ ನಾನು ನಾಲ್ಕು ಬೆರಳಿಗೇ ಬಿತ್ತಿದೆ. ಬಾಯಿ ಬೇರೆ ಸುಮ್ಮನಿರಲಿಲ್ಲ. "ನಮ್ಮ ಕಡೆ ಹೀಗೇ" ಎಂದು ಪಕ್ಕದ ಹುಡುಗರಿಗೆ ಪಾಠ ಹೇಳಿದೆ.

ಮೂರು ವಾರ ಬಿಡದೆ ಜಿನುಗು ಮಳೆ ಹಿಡಿಯಿತು. ಎಲ್ಲರ ತುಂಡೂ ಹಸಿರಾಯಿತು, ನನ್ನದು ಕಪ್ಪಗೇ ಉಳಿಯಿತು. ಕೆದಕಿ ನೋಡಿದರೆ ಬೀಜ ಕೊಳೆತು ನಾರುತ್ತಿತ್ತು. ಪ್ರಾಧ್ಯಾಪಕರು ಬೈಯಲಿಲ್ಲ. ವಸಂತದಲ್ಲಿ ಬಾರ್ಲಿ ಬಿತ್ತು, ಅದೇ ಕೊನೆಯ ಅವಕಾಶ ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ಸಿಟ್ಟನ್ನೆಲ್ಲ ಊರಿಗೆ ಬರೆದ ಪತ್ರದಲ್ಲಿ ಕಾರಿಕೊಂಡೆ. ಈ ದೇಶದ ಮಣ್ಣಿಗೆ ಗುಣವಿಲ್ಲ, ನೋಡಲಿಕ್ಕೆ ಮಾತ್ರ ಎರೆ ಎಂದು ಬರೆದೆ. ಅವ್ವನಿಗೆ ಓದು ಬರಹ ಇರಲಿಲ್ಲ. ಊರ ಮಾಸ್ತರರು ಆಕೆ ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆದು ಕಳಿಸಿದ್ದರು:

"ಮಣ್ಣಿಗೆ ಬೈಬ್ಯಾಡ. ಅದೇನ್ ಮಾಡೈತಿ ನಿನಗ? ನಾಕ ಬಳ್ಳ ಅನ್ನೋದು ನಮ್ಮ ಹೊಲದ ಮಾತು. ನಾ ವರ್ಷಾ ಬಳ್ಳ ಇಟ್ಟ ನೋಡತಿದ್ದೆ, ಹಸಿ ಎಲ್ಲಿ ಸಿಗತೈತಿ ಅಲ್ಲಿಗೆ ಬೀಜ. ನೀ ಎಣಿಕಿ ಒಯ್ದಿ, ಬಳ್ಳ ಇಲ್ಲೇ ಬಿಟ್ಟ ಹೋದಿ. ಬೂಟ ಕಳಚಿ ಇಳಿ."

ಓದಿ ಕಿವಿ ಬಿಸಿಯಾಯಿತು. ಖರೆ ಹೇಳಬೇಕೆಂದರೆ, ಬಿತ್ತುವ ಮೊದಲು ಆ ಮಣ್ಣಿಗೆ ನಾನು ಒಮ್ಮೆಯೂ ಬೆರಳು ಹಚ್ಚಿ ನೋಡಿರಲಿಲ್ಲ.

ಮರುದಿನದಿಂದ ಚಳಿಗಾಲವಿಡೀ ಬೆಳಿಗ್ಗೆ ತರಗತಿಗೆ ಮೊದಲು ಹೊಲಕ್ಕೆ ಹೋದೆ. ಹಿಮ ಕರಗಿದ ದಿನಗಳಲ್ಲಿ ಬೂಟು, ಕಾಲುಚೀಲ ಕಳಚಿ ನಡೆದೆ. ಹುಡುಗರು ಬೇಲಿಯಾಚೆ ನಿಂತು ನಕ್ಕರು, ನಗಲಿ ಎಂದು ಬಿಟ್ಟೆ. ಮಣ್ಣು ಯಾವ ಮೂಲೆಯಲ್ಲಿ ಮೊದಲು ಆರುತ್ತದೆ, ಎರೆಹುಳು ಎಲ್ಲಿ ಮೇಲೆ ಬರುತ್ತವೆ, ಯಾವ ಗಾಳಿಗೆ ಮಣ್ಣು ಬಿರಿಯುತ್ತದೆ, ಎಲ್ಲ ಒಂದೊಂದಾಗಿ ಪರಿಚಯವಾಯಿತು. ಮೇಲೆ ಹೆಬ್ಬಾತುಗಳ ಸಾಲು ಕೂಗುತ್ತ ಹೋಗುತ್ತಿತ್ತು. ನಮ್ಮ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದು ನಮ್ಮ ಹೊಲ ಮೇಯುತ್ತಿದ್ದ ಹಕ್ಕಿಗಳವು ಎಂದುಕೊಂಡಿದ್ದೆ. ಜಾತಿ ಬೇರೆ ಎಂದು ಆಮೇಲೆ ತಿಳಿಯಿತು. ಆದರೂ ಅವುಗಳ ಕೂಗು ಕೇಳಿದರೆ ಮನಸ್ಸು ಹಗುರಾಗುತ್ತಿತ್ತು.

ಆ ವಸಂತದಲ್ಲಿ ಮಳೆ ಕೈಕೊಟ್ಟಿತು. ಪೂರ್ವದ ಒಣಗಾಳಿ ಬೀಸಿ ಮೇಲ್ಮಣ್ಣು ಹಿಟ್ಟಾಯಿತು. ಉಳಿದವರು ಪುಸ್ತಕದಲ್ಲಿದ್ದಂತೆ ಎರಡು ಬೆರಳಿಗೆ ಬಿತ್ತಿದರು. ನಾನು ಮೊಣಕಾಲೂರಿ ಕುಳಿತು ಹತ್ತು ಕಡೆ ಬೆರಳು ಇಳಿಸಿ ನೋಡಿದೆ. ಹಸಿ ತಾಗಿದ್ದು ಮೂರೂವರೆ ಬೆರಳಿಗೆ. ಪುಸ್ತಕ ಬೇಡ ಎನ್ನುತ್ತಿತ್ತು, ಹಿಂದಿನ ಸೋಲು ಕೂಡ ಬೇಡ ಎನ್ನುತ್ತಿತ್ತು. ಆದರೂ ಮೂರೂವರೆಗೇ ಬಿತ್ತಿದೆ.

ಎರಡು ವಾರದಲ್ಲಿ ಇಡೀ ಮೈದಾನದಲ್ಲಿ ಹಸಿರಾಗಿದ್ದದ್ದು ನನ್ನ ತುಂಡೊಂದೇ. ಉಳಿದವರ ಬೀಜ ಮಳೆಗಾಗಿ ಮತ್ತೆ ಮೂರು ವಾರ ಕಾದವು. ಪ್ರಾಧ್ಯಾಪಕರು ಬಂದು ಯಾವ ಲೆಕ್ಕದ ಮೇಲೆ ಅಷ್ಟು ಆಳಕ್ಕೆ ಹೋದೆ ಎಂದು ಕೇಳಿದರು. ಮಣ್ಣಿಗೆ ಬೆರಳು ಇಳಿಸಿ ತೋರಿಸಿದೆ. ಅವರೂ ಕೋಟಿನ ತೋಳು ಮಡಚಿ ಇಳಿಸಿದರು. ಇದನ್ನು ಯಾರು ಕಲಿಸಿದರು ಎಂದಾಗ "ನಮ್ಮವ್ವ" ಎಂದೆ. ಮರುದಿನ ಇಡೀ ತರಗತಿ ಮಣ್ಣಲ್ಲಿ ಬೆರಳಿಟ್ಟು ಕುಳಿತಿತ್ತು. ನನ್ನ ಎದೆ ಎಷ್ಟು ಉಬ್ಬಿತೆಂದು ಹೇಳಲು ಈಗಲೂ ಸಂಕೋಚವಿಲ್ಲ.

ಎರಡನೆಯ ವರ್ಷ ಮುಗಿಸಿ ಗದಗಿನಲ್ಲಿ ಇಳಿದಾಗ ಕನ್ನಡ ನಾಡು ಒಂದಾಗಲು ಕೆಲವೇ ದಿನ ಉಳಿದಿತ್ತು. "ಇನ್ನ ನಾವು ಮುಂಬೈ ರಾಜ್ಯದವರಲ್ಲ" ಎಂದು ಚಹಾದಂಗಡಿಯವನು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಮಳೆ ತಡವಾಗಿ ನಮ್ಮೂರಲ್ಲಿ ಬಿತ್ತನೆ ಆಗಷ್ಟೇ ಶುರುವಾಗಿತ್ತು. ಮನೆಗೆ ಹೋದರೆ ಬಾಗಿಲಿಗೆ ಚಿಲಕ. ನೇರ ಹೊಲಕ್ಕೆ ನಡೆದೆ. ಕೂರಿಗೆ ಹೂಡಿ ಅಪ್ಪ ನಿಂತಿದ್ದ. ಮಡಿಲಲ್ಲಿ ಬೀಜ ಕಟ್ಟಿಕೊಂಡ ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸೊರಗಿದ್ದೀ ಎನ್ನಲಿಲ್ಲ, ಅಳಲಿಲ್ಲ.

"ಎಷ್ಟ ಬಳ್ಳ ಹಾಕೋಣು?" ಎಂದಳು.

ಬಾಯಿಗೆ ಬಂದ ನಾಲ್ಕನ್ನು ನುಂಗಿಕೊಂಡೆ. ಬೂಟು ಕಳಚಿ ಬದುವಿನ ಮೇಲಿಟ್ಟು, ಹೊಲದೊಳಗೆ ಅಲ್ಲಲ್ಲಿ ಕುಳಿತು ಬೆರಳು ಇಳಿಸಿದೆ. ತಡವಾಗಿ ಬಿದ್ದ ಮಳೆಯ ಹಸಿ ಮೇಲೇ ಇತ್ತು.

"ಮೂರ ಸಾಕವ್ವ."

ಆಕೆ ಬೇರೆ ಯಾರ ಮಾತನ್ನೂ, ಅಪ್ಪನ ಮಾತನ್ನೂ ತಾನು ಮುಟ್ಟಿ ನೋಡದೆ ನಂಬಿದವಳಲ್ಲ. ಈಗಲೂ ಬಗ್ಗುತ್ತಾಳೆ ಎಂದು ಕಾದೆ. ಅವ್ವ ಬಗ್ಗಲಿಲ್ಲ. ಕೂರಿಗೆಯ ಬಟ್ಟಲಿನ ಹಿಂದೆ ಹೋಗಿ ನಿಂತು, ಮುಷ್ಟಿ ತುಂಬ ಬೀಜ ತೆಗೆದುಕೊಂಡು ಅಪ್ಪನಿಗೆ ಹೇಳಿದಳು.

"ಮೂರ ಅಂತ್ರಿ. ಹೊಡೀರಿ."