ಟ್ರೇಲರ್ ಚಕ್ರ ಕಳಚಿದ ದಿನ

ನಮ್ಮ ಮನೆಗೆ ಟ್ರ್ಯಾಕ್ಟರ್ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಓಡಿಸುತ್ತಿದ್ದವರು ನನ್ನ ಗಂಡನ ಅಣ್ಣ. ಮಿಡಿಗೇಶಿ ಸುತ್ತಿನಲ್ಲಿ ಯಾರು ಹೊಸ ಟ್ರೇಲರ್ ತಂದರೂ ಅವರಿಗೆ ಭಾವ ಪಾಠ ಹೇಳುತ್ತಿದ್ದರು: "ಚಕ್ರ ಬಿಚ್ಚಿ ಹಾಕಿದ್ಮೇಲೆ ಒಂದಷ್ಟು ದೂರ ಓಡ್ಸಿ, ನಿಲ್ಸಿ, ನಟ್ಟು ಇನ್ನೊಂದ್ಸಲ ಬಿಗೀಬೇಕು ಕಣ್ಲಾ. ಮೊದಲ್ನೇ ಬಿಗಿ ನಿಲ್ಲಾಕಿಲ್ಲ." ಹಾಗಾಗಿ ಅವರಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಅಂದರೆ ನಾನು ಇವತ್ತಿಗೂ ಒಪ್ಪುವುದಿಲ್ಲ.

ಆ ಶುಕ್ರವಾರ ಲಕ್ಷ್ಮಿಯ ದರ್ಶನಕ್ಕೆಂದು ಗೊರವನಹಳ್ಳಿಗೆ ಹೊರಟಿದ್ದೆವು. ಟ್ರೇಲರಿನ ತುಂಬ ಹೆಂಗಸರು. ಭಾವನ ಹೆಂಡತಿ, ಅಂದರೆ ನಾನು ಅಕ್ಕ ಎನ್ನುತ್ತಿದ್ದ ನನ್ನ ಓರಗಿತ್ತಿ, ಅಡುಗೆ ಪಾತ್ರೆಗಳನ್ನು ಹಿಡಿದು ಕೂತಿದ್ದಳು. ಮಧುಗಿರಿಯಲ್ಲಿ ಟ್ರೇಲರಿನ ಟೈರ್ ಪಂಚರ್ ಆಯಿತು. ಚಕ್ರ ಬಿಚ್ಚಿ, ತೇಪೆ ಹಾಕಿಸಿ, ಮತ್ತೆ ಕೂರಿಸಿ ಹೊರಟರು.

ಕೊರಟಗೆರೆ ದಾರಿಯಲ್ಲಿ ನನ್ನ ಕಾಲ ಕೆಳಗೆ ಟಕಟಕ ಸದ್ದು ಶುರುವಾಯಿತು. ಬಗ್ಗಿ ನೋಡಿದರೆ ಚಕ್ರ ವಾಲಾಡುತ್ತಿತ್ತು. ತಟ್ಟೆ ತೆಗೆದುಕೊಂಡು ಟ್ರೇಲರಿನ ಕಬ್ಬಿಣಕ್ಕೆ ಬಡಿದೆ. ಭಾವ ತಿರುಗಿ ನೋಡಿ ಕೈ ಬೀಸಿದರು, ಅಷ್ಟೇ. ಮೋರಿಯ ಹತ್ತಿರ ನಿಧಾನವಾದಾಗ ಅಕ್ಕ ಕೂಗಿದಳು, "ಚಕ್ರ ಅಲ್ಲಾಡ್ತೈತೆ, ಒಸಿ ನಿಲ್ಸ್‌ಬುಡಿ."

"ಟ್ರೇಲರ್ ಅಂದ್ಮೇಲೆ ಸದ್ದು ಬರ್ದೆ ಇರ್ತದಾ? ಸುಮ್ಕೆ ಕುಂತ್ಕಳಿ. ಹೆಂಗಸ್ರು ಹೇಳ್ದಂಗೆ ಓಡ್ಸಿದ್ರೆ ಊರು ಸೇರ್ದಂಗೇಯ."

ಮೋರಿ ದಾಟಿದರೆ ಇಳಿಜಾರು. ಚಕ್ರ ಕಳಚಿಕೊಂಡು, ಟ್ರ್ಯಾಕ್ಟರನ್ನೇ ಹಿಂದೆ ಹಾಕಿ, ರಾಗಿ ಹೊಲಕ್ಕೆ ಉರುಳಿತು. ಟ್ರೇಲರ್ ಒಂದು ಪಕ್ಕಕ್ಕೆ ಕುಸಿದು ರಸ್ತೆ ಕೆರೆಯುತ್ತಾ ಹೋಗಿ ನಿಂತಿತು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ತಾಮ್ರದ ಹಂಡೆ ಅಕ್ಕನ ಬಲಗೈ ಮೇಲೆ ಬಿತ್ತು. ಭಾವ ಧುಮುಕಿ ಓಡಿದರು. ನಮ್ಮ ಕಡೆಗಲ್ಲ, ಚಕ್ರದ ಹಿಂದೆ.

ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಕಟ್ಟಿಕೊಂಡವಳು ಮಣಿಕಟ್ಟು ಹಿಡಿದು ನರಳುತ್ತಿದ್ದಾಳೆ, ಈ ಮನುಷ್ಯ ಚಕ್ರ ಉರುಳಿಸಿಕೊಂಡು ಬಂದು, ಸೇರಿದ ಜನಕ್ಕೆ ಹೇಳುತ್ತಾರೆ, "ಯಾರ್ದೋ ಕಣ್ಣು ಬಿತ್ತು."

"ಕಣ್ಣಲ್ಲ ಭಾವ. ನಟ್ಟು ಇನ್ನೊಂದ್ಸಲ ಬಿಗಿದಿರ್ಲಿಲ್ಲ," ಎಂದೆ. ಅಲ್ಲಿಯವರೆಗೆ ನಾನು ಅವರೆದುರು ನಿಂತು ಮಾತಾಡಿದವಳೇ ಅಲ್ಲ. ಕೇಳಿಸಲಿಲ್ಲವೆಂಬಂತೆ ಅವರು ಜಾಕ್ ಹುಡುಕತೊಡಗಿದರು. ಬಸ್ಸಿಗೆ ಕೈ ಅಡ್ಡ ಹಿಡಿದು ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದವಳು ನಾನು. ಮುರಿದ ಮೂಳೆ ಕೂಡಿತು, ಕೈಗೆ ಮೊದಲಿನ ಬಲ ಬರಲಿಲ್ಲ. ಮುದ್ದೆ ತೊಳಸುವಾಗ ಅವಳು ಹಲ್ಲು ಕಚ್ಚುವುದನ್ನು ದಿನಾ ನೋಡಬೇಕಾಯಿತು. ಭಾವ ಮಾಡಿದ್ದೇನು? ಟ್ರೇಲರಿಗೆ ನಿಂಬೆಹಣ್ಣು ಕಟ್ಟಿದರು.

ಕೆಲವು ತಿಂಗಳ ಮೇಲೆ ಪಾವಗಡದ ಕಡೆಯ ಮದುವೆಗೆ ಅದೇ ಟ್ರೇಲರ್ ಸಿದ್ಧವಾಯಿತು. ಹಿಂದಿನ ದಿನವಷ್ಟೇ ಅದರ ಟೈರ್ ಬದಲಾಯಿಸಿದ್ದರು. ನಾನು ಸ್ಪ್ಯಾನರ್ ಹಿಡಿದು ಟ್ರ್ಯಾಕ್ಟರಿನ ಮುಂದೆ ನಿಂತೆ.

"ಅಣ್ಣನ ಎದ್ರಿಗೆ ಇದೇನ್ಲೇ, ಬಾ ಈ ಕಡೆ," ಎಂದು ನನ್ನ ಗಂಡ ಪಿಸುಗುಟ್ಟಿದ.

"ಬಿಗಿಯೋವರ್ಗೂ ಒಬ್ಳೂ ಹತ್ತಾಕಿಲ್ಲ."

ಅಕ್ಕ ಬಂದು ನನ್ನ ಪಕ್ಕ ನಿಂತಳು. ಆಮೇಲೆ ಉಳಿದವರೂ ಬಂದರು. ಭಾವ ಬೈದುಕೊಂಡೇ ಇಳಿದರು. ಮೊದಲ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಅದು ಅರ್ಧ ಸುತ್ತು ತಿರುಗಿತು. ಉಳಿದವನ್ನೂ ಒಂದೊಂದಾಗಿ ಬಿಗಿದರು. ಮಿಡಿಗೇಶಿ ದಾಟಿದ ಮೇಲೆ ಅವರೇ ನಿಲ್ಲಿಸಿ, ನಮ್ಮತ್ತ ನೋಡದೆ, ಮತ್ತೊಮ್ಮೆ ಬಿಗಿದರು.

ಅಕ್ಕ ಮೇಲಿನಿಂದ ಬಗ್ಗಿ, "ಆ ಕಡೆ ಚಕ್ರಾನೂ ನೋಡಿ," ಎಂದಳು.

ನೋಡಿದರು.