ಜೋಡಿ ಮೋರಪಂಖಿ

ಕೆಳಗಿನಿಂದ ಮೂರನೆಯ ಟೊಂಗೆಯಲ್ಲಿ, ಗೋಡೆಯ ಕಡೆಗೆ, ಎರಡು ಬೆರಳಿನಷ್ಟು ಅಗಲಕ್ಕೆ ಹಸಿರು ಕಂದಾಗಿತ್ತು. ಮುಟ್ಟಿದರೆ ಚಹಾಪುಡಿಯಂತೆ ಉದುರಿತು.

ಶಹಾಬಜಾರದ ನಮ್ಮ ಮನೆ ಬಾಗಿಲಿನ ಎಡಬಲಕ್ಕೆ ಕುಂಡಗಳಲ್ಲಿ ಎರಡು ಮೋರಪಂಖಿ ಗಿಡಗಳಿದ್ದವು. ಚಪ್ಪಟೆ ಹಸಿರನ್ನು ಗರಿಗರಿಯಾಗಿ ಹರಡುವ ಈ ಗಿಡದ ಎಲೆಯನ್ನೇ ಶಾಲೆಯಲ್ಲಿದ್ದಾಗ ವಿದ್ಯೆ ಬರಲೆಂದು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದೆವು. ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದಾಗ ಅವ್ವನ ಅಣ್ಣ, ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಮಾಮಾ, ಬೀಜದಿಂದ ತಾವೇ ಎಬ್ಬಿಸಿದ ಎರಡು ಸಸಿ ತಂದುಕೊಟ್ಟಿದ್ದರು. ಎರಡೇ ಏಕೆಂದರೆ ಮೋರಪಂಖಿಯನ್ನು ಒಂಟಿಯಾಗಿ ಬಾಗಿಲಲ್ಲಿ ಇಡಬಾರದು. ಒಂದು ಒಣಗಿದರೆ ಇನ್ನೊಂದನ್ನೂ ತೆಗೆಯಬೇಕು. ಇದು ಆಯಿಯ, ಅಂದರೆ ನನ್ನಜ್ಜಿಯ ಕಾನೂನು. ಸಸ್ಯಶಾಸ್ತ್ರದ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಬಾಗಿಲು ಆಯಿಯದು.

ನಾನು ಮುಚ್ಚಿಡುವ ಮೊದಲೇ ಆಯಿ ಕಂದು ಕಂಡಿದ್ದಳು.

“ಒಣಗ್ಲಾಕತ್ತದ ನೋಡು. ಇದು ಹೋಯ್ತಂದ್ರ ಅದನ್ನೂ ಯಾರಿಗರ ಕೊಟ್ಟು ಬಾ.”

“ಇನ್ನೂ ಹೋಗಿಲ್ಲ, ಆಯಿ.”

“ಇಷ್ಟು ಓದಿ ಒಂದು ಗಿಡಾ ಉಳಿಸ್ಲಾಕ ಆಗವಲ್ದೇನ ನಿನಗ?”

ಎರಡಕ್ಕೂ ದಿನಕ್ಕೊಂದು ತಂಬಿಗೆ ನೀರು ಹಾಕುತ್ತಿದ್ದೆ, ಅಂದಿನಿಂದ ಎರಡು ಹಾಕಿದೆ. ಒಣಗಿದಂತೆ ಕಂಡದ್ದಕ್ಕೆಲ್ಲ ನೀರು ಹೊಯ್ಯುವುದು ನಮ್ಮ ಬಿಸಿಲೂರಿನವರ ಕೈಗೆ ಅಂಟಿದ ಚಾಳಿ. ಎಂಟು ದಿನದಲ್ಲಿ ಕಂದು ಅರ್ಧ ಗಿಡ ಏರಿತು. ಬಾಗಿಲ ಆ ಕಡೆಯ ಗಿಡ ಮಾತ್ರ ಏನೂ ಆಗಿಲ್ಲವೆಂಬಂತೆ ಹಸಿರಾಗಿತ್ತು. ಅದನ್ನು ಕಂಡಾಗ ಹೆಚ್ಚು ಸಂಕಟವಾಗುತ್ತಿತ್ತು. ಇದರ ತಪ್ಪಿಗೆ ಅದೂ ಹೋಗಬೇಕಿತ್ತಲ್ಲ.

ಭಾನುವಾರ ಕಾಯಿಲೆಯ ಗಿಡವನ್ನು ಕುಂಡ ಸಮೇತ ತೊಡೆಯ ಮೇಲಿಟ್ಟುಕೊಂಡು ಕಮಲಾಪುರದ ಬಸ್ಸಿನಲ್ಲಿ ಕುಳಿತೆ. ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿದರು.

“ಅಕ್ಕಾರ, ನಿಮಗಂತೂ ಫ್ರೀ ಅದರಿ. ಇದು ಹೆಣ್ಣೋ ಗಂಡೋ ಹೇಳ್ರಿ. ಗಂಡಾದ್ರ ಟಿಕೆಟ್ ಹರೀಬೇಕಾಗ್ತದ.”

“ಎರಡೂ ಹೌದ್ರಿ,” ಅಂದೆ.

ಬಸ್ಸಿನವರೆಲ್ಲ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಈ ಜಾತಿಯಲ್ಲಿ ಗಂಡು ಶಂಕು, ಹೆಣ್ಣು ಶಂಕು ಎರಡೂ ಒಂದೇ ಗಿಡದಲ್ಲಿ ಬಿಡುತ್ತವೆ. ಅದನ್ನು ವಿವರಿಸುವ ಸಂದರ್ಭ ಅದಲ್ಲವೆಂದು ಕಿಟಕಿಯ ಹೊರಗೆ ನೋಡಿದೆ.

ಮಾಮಾ ಏನೂ ಕೇಳದೆ ಕುಂಡವನ್ನು ಓರೆ ಮಾಡಿ, ಅಂಚಿಗೆ ನಾಲ್ಕು ಪೆಟ್ಟು ಕೊಟ್ಟು ಗಿಡವನ್ನು ಹೊರಗೆಳೆದರು. ನಿಂತ ಗಟಾರದ ವಾಸನೆ ಬಂತು. ಬೇರುಗಳು ಕಪ್ಪಾಗಿದ್ದವು, ಜಗ್ಗಿದರೆ ಸಿಪ್ಪೆ ಕೈಗೆ ಬರುತ್ತಿತ್ತು. ಅವರು ಕುಂಡದ ತಳಕ್ಕೆ ಕಣ್ಣಿಟ್ಟು ನೋಡಿದರು.

“ತೂತು ಯಾರು ಮುಚ್ಚ್ಯಾರ?”

“ನಾನೇ, ಮಾಮಾ.”

ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಕುಂಡದಿಂದ ಹರಿದ ಕೆಸರು ನೀರು ದಿನಾ ಆಯಿಯ ರಂಗೋಲಿ ಅಳಿಸುತ್ತಿತ್ತು. ದಿನಾ ಅದೇ ಜಗಳ. ಮೂರು ತಿಂಗಳ ಹಿಂದೆ, ಶ್ರಾವಣದಲ್ಲಿ, ಎರಡೂ ಕುಂಡಗಳ ತೂತಿಗೆ ಸಿಮೆಂಟ್ ಮೆತ್ತಿದ್ದೆ, ಬಹಳ ನೀಟಾಗಿ.

“ಮತ್ತ ಆ ಇನ್ನೊಂದು ಹ್ಯಾಂಗ ಉಳದದ?”

“ಅದರ ತಳಾ ಸೀಳ್ಯಾದ. ಎಷ್ಟು ಮೆತ್ತಿದ್ರೂ ಒಂದು ಮೂಲ್ಯಾಗ ಸೋರ್ತದ.”

ಮಾಮಾ ಅಲ್ಲೇ ಕಟ್ಟೆಯ ಮೇಲೆ ಕುಳಿತು ನಕ್ಕರು. “ಅಂದ್ರ ಎಂ.ಎಸ್ಸಿ. ಒಂದನ್ನ ಕೊಂದದ, ಒಡಕು ಕುಂಡ ಒಂದನ್ನ ಉಳಿಸ್ಯಾದ!”

“ಇನ್ನೂ ಸತ್ತಿಲ್ಲಲ್ಲ, ಮಾಮಾ?”

ನನ್ನ ದನಿ ಕೇಳಿ ಅವರು ನಗು ನಿಲ್ಲಿಸಿದರು. ಕೊಳೆತ ಬೇರು ಕತ್ತರಿಸಿ, ಮನೆ ಹಿಂದಿನ ದಿನ್ನೆಯಲ್ಲಿ ಗರಸು ಮಣ್ಣು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ತುಂಬಿ ಗಿಡ ಊರಿದರು. “ಕೆಂಪಾಗಿದ್ದು ತಿರುಗಿ ಹಸರಾಗಂಗಿಲ್ಲ. ತುದಿಗೆ ಜೀವ ಅದ. ನೀರು ನಿಲ್ಲದ ನೆಲದಾಗ ಇದ್ರ ಬದುಕ್ತದ. ಕುಂಡಕ್ಕ ಮಾತ್ರ ತಿರುಗಿ ಹಾಕಬ್ಯಾಡ.”

ಖಾಲಿ ಕುಂಡ ಹಿಡಿದು ಸಂಜೆಗೆ ಮನೆಗೆ ಬಂದೆ.

“ಸತ್ತೋಯ್ತೇನು?” ಎಂದಳು ಆಯಿ.

“ಇಲ್ಲ. ಮಾಮಾನ ಕಡೆ ನೆಲದಾಗ ಅದ. ಅಲ್ಲೇ ಇರ್ತದ.”

“ಹಂಗಾರ ಇಲ್ಲಿದ್ದದ್ದು ಒಂಟಿ ಆಯ್ತು.”

ಮಾಳಿಗೆಯ ಮೇಲಿಟ್ಟುಕೊಳ್ಳುತ್ತೇನೆ ಎನ್ನಬಹುದಿತ್ತು. ಆಯಿಯ ಕಾನೂನು ಬಾಗಿಲಿಗೆ ಮಾತ್ರ, ಮಾಳಿಗೆಗಲ್ಲ. ಮಾತು ತುಟಿಯವರೆಗೂ ಬಂದಿತ್ತು. ಆದರೆ ಆ ಗಿಡ ಮೂರು ತಿಂಗಳು ಬದುಕಿದ್ದು ನನ್ನ ಆರೈಕೆಯನ್ನು ತಪ್ಪಿಸಿಕೊಂಡು. ಯಾರಿಗಾದರೂ ಕೊಡುವುದಾದರೆ ಯಾರಿಗೆಂದು ಯೋಚಿಸಬೇಕಾದ್ದೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅದನ್ನೂ ಕಮಲಾಪುರಕ್ಕೆ ಒಯ್ದೆ. ಮಾಮಾ ಬಾಳೆ ತೋಟದಿಂದ ಬರುವಷ್ಟರಲ್ಲಿ, ಮೊದಲನೆಯದರಿಂದ ಆರು ಮೊಳ ಬಿಟ್ಟು ಗುಂಡಿ ತೋಡಿ, ಗಿಡ ನಿಲ್ಲಿಸಿ, ಬುಡದ ಮಣ್ಣನ್ನು ಕಾಲಿನಿಂದ ಒತ್ತಿ ಗಟ್ಟಿ ಮಾಡಿದ್ದೆ.