ಎರಡು ಕಚೇರಿಯ ಅಳಿಯ

ಅವನನ್ನು ಎಲ್ಲರೂ ಅಳಿಯ ಎಂದೇ ಕರೆಯುತ್ತಿದ್ದರು. ಯಾರ ಮನೆಗೂ ಅಳಿಯನಾದವನಲ್ಲ. ಅವನಿಗೆ ಮದುವೆಯೇ ಆಗಿರಲಿಲ್ಲ. ದೇಶದ ಸ್ವಂತ ವಿಮಾನ ಕಂಪನಿಯಲ್ಲಿ ಅವನಿಗೊಂದು ಮೇಜಿತ್ತು, ರಸ್ತೆಯಾಚೆಯ ವಿಮಾನಯಾನ ಇಲಾಖೆಯಲ್ಲಿ ಇನ್ನೊಂದು ಕುರ್ಚಿ. ಎರಡೂ ಕಡೆ ಅವನು ಕೂತೊಡನೆ ಚಹಾ ಬರುತ್ತಿತ್ತು. ಇಷ್ಟು ಉಪಚಾರ ಅಳಿಯನಿಗಲ್ಲದೆ ಇನ್ಯಾರಿಗೆ ಸಿಗುತ್ತದೆ ಎಂದು ಇಲಾಖೆಯ ಜವಾನ ಒಮ್ಮೆ ಆಡಿಕೊಂಡದ್ದೇ ಹೆಸರಾಗಿ ನಿಂತಿತು.

ಅವನ ಕೆಲಸ ಇಂಥದ್ದು. ಹೊರದೇಶದ ವಿಮಾನ ಕಂಪನಿಯೊಂದು ಇಲ್ಲಿಗೆ ಹಾರಲು ಅನುಮತಿ ಬೇಡಿದರೆ, ಇಲಾಖೆ ಮೊದಲು ದೇಶದ ಕಂಪನಿಯ ಅಭಿಪ್ರಾಯ ಕೇಳಬೇಕು. ಆ ಅಭಿಪ್ರಾಯ ಬರೆಯುವವನು ಅಳಿಯ. ಬರೆದು, ಮೇಲಿನವರ ಸಹಿ ಹಾಕಿಸಿ, ಕಾಗದ ಹಿಡಿದು ತಾನೇ ರಸ್ತೆ ದಾಟುತ್ತಿದ್ದ. ಇಲಾಖೆಯಲ್ಲಿ ಸೀಟು, ಸರಕು, ಹಾರಾಟ ಇವನ್ನೆಲ್ಲ ನೋಡಿ ಟಿಪ್ಪಣಿ ಬರೆಯಬೇಕಾದ ಹುದ್ದೆ ಖಾಲಿ ಬಿದ್ದು ಎಷ್ಟೋ ವರ್ಷವಾಗಿತ್ತು. “ಹೇಗೂ ಬಂದಿದೀರಲ್ಲ, ನಮ್ಮ ಉತ್ತರಾನೂ ನೀವೇ ಬರೆದುಬಿಡಿ” ಎಂದು ಅಧಿಕಾರಿಯೊಬ್ಬರು ಒಂದು ದಿನ ಸೋಮಾರಿತನಕ್ಕೆ ಅಂದ ಮಾತು ಪದ್ಧತಿಯಾಯಿತು. ಆ ಕಡೆ ಕೂತು ‘ಬೇಡ’ ಎಂದು ಬರೆದವನೇ ಈ ಕಡೆ ಕೂತು ‘ಕಂಪನಿಯ ಅಭಿಪ್ರಾಯವನ್ನು ಸರಕಾರ ಕೂಲಂಕಷವಾಗಿ ಪರಿಶೀಲಿಸಿ ಒಪ್ಪಿದೆ’ ಎಂದು ಬರೆಯುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಆದರೆ ಅಲ್ಲಿ ಅದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ, ಅವನಿಗಂತೂ ಕಾಣಲೇ ಇಲ್ಲ.

ಹಾಗೆಂದು ಅವನೇನು ಕೆಟ್ಟವನಲ್ಲ. ಅಪ್ಪ ಅಮ್ಮ ಇಬ್ಬರೂ ಹೋದಮೇಲೆ, ಮೀಸೆ ಸರಿಯಾಗಿ ಚಿಗುರುವ ಮೊದಲೇ ಕಂಪನಿಯಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ್ದ. ಆ ಸಂಬಳದಲ್ಲಿ ತಂಗಿಯನ್ನು ಸಾಕಿದ, ಓದಿಸಿದ, ತಾನೂ ರಾತ್ರಿ ಶಾಲೆಯಲ್ಲಿ ಓದಿ ಮೇಜಿನವರೆಗೆ ಬಂದ. ಅನ್ನ ಹಾಕಿದ ಮನೆಗೆ ಎರಡು ಬಗೆಯಬಾರದು ಎನ್ನುವುದು ಅವನ ಲೆಕ್ಕ. ಹೊರಗಿನ ದೊಡ್ಡ ಕಂಪನಿಗಳನ್ನು ಒಳಗೆ ಬಿಟ್ಟರೆ ನಮ್ಮ ನಾಲ್ಕು ಹಳೆಯ ವಿಮಾನಗಳೂ ಅವನ್ನು ನಂಬಿದ ಮನೆಗಳೂ ಬೀದಿಗೆ ಬರುತ್ತವೆ ಎಂದು ಅವನು ಮನಸಾರೆ ನಂಬಿದ್ದ. ಆ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ.

ತಂಗಿ ಮದುವೆಯಾಗಿ ಸಮುದ್ರದಾಚೆಯ ದೇಶಕ್ಕೆ ಹೋದಳು. ಅಲ್ಲಿಗೆ ನಮ್ಮ ಕಂಪನಿಯ ವಿಮಾನ ವಾರಕ್ಕೆರಡು ಸಲ ಹೋಗುತ್ತಿತ್ತು, ಅದೂ ಮನಸ್ಸು ಬಂದರೆ. ಕೆಲವು ವರ್ಷಗಳ ಮೇಲೆ ಆ ದೇಶದ ಕಂಪನಿ ದಿನವೂ ಹಾರುತ್ತೇವೆಂದು ಅರ್ಜಿ ಹಾಕಿತು. ಅಳಿಯ ಎಂದಿನಂತೆ ‘ಈಗಿರುವ ಸೇವೆ ಸಾಕಷ್ಟಿದೆ’ ಎಂದು ಬರೆದ; ರಸ್ತೆ ದಾಟಿ ಸರಕಾರದ ಪರವಾಗಿಯೂ ಅದನ್ನೇ ಬರೆದ. ತಂಗಿಯ ಊರಲ್ಲವೇ ಎಂದು ಕೈ ಒಂದು ಗಳಿಗೆ ತಡೆಯಿತೇ ಅಂದರೆ, ಇಲ್ಲ. ಕಂಪನಿಯವನಿಗೆ ಕಂಪನಿಯ ವಿಮಾನದಲ್ಲಿ ಸೀಟಿಗೇನು ಬರ ಎಂದುಕೊಂಡಿದ್ದ.

ಒಂದು ಬೆಳಿಗ್ಗೆ ತಂಗಿಯ ಮಗಳು ಪುಟ್ಟಿ ಫೋನು ಮಾಡಿದಳು.

“ಮಾವ, ಅಮ್ಮಂಗೆ ಉಸಿರಾಡೋಕೇ ಆಗ್ತಿಲ್ಲ. ನೋಡೋರು ಇದ್ರೆ ಬೇಗ ಕರೆಸ್ಕೊಳ್ಳಿ ಅಂದ್ರು ಡಾಕ್ಟ್ರು. ಅಮ್ಮ ನಿಮ್ಮನ್ನೇ ಕೇಳ್ತಿದಾಳೆ.”

“ಬಂದೆ ಅಂತ ಹೇಳಮ್ಮ. ನಾಳೆ ಇಷ್ಟೊತ್ತಿಗೆ ಅಲ್ಲಿರ್ತೀನಿ.”

ಮರುದಿನದ ವಿಮಾನ ಹೊರಡಲಿಲ್ಲ. ಮಂತ್ರಿಗಳೊಬ್ಬರ ಪರಿವಾರ ಹೊರದೇಶದ ಸಭೆಗೆ ಹೋಗಬೇಕಿತ್ತು, ಆ ವಿಮಾನವನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ಅದರ ನಂತರದ ವಿಮಾನಕ್ಕೆ ಎರಡು ಪಟ್ಟು ಜನ. ಟಿಕೇಟು ಕೊಂಡವರೆಲ್ಲ ಹತ್ತಿದ ಮೇಲೆ ಸೀಟು ಉಳಿದರೆ ಮಾತ್ರ ನೌಕರರಿಗೆ. ಆ ನಿಯಮ ಅವನಿಗೆ ಗೊತ್ತಿಲ್ಲದ್ದೇನಲ್ಲ.

“ಸರ್, ನಿಮಗೆ ಇಲ್ಲ ಅನ್ನೋಕೆ ನಂಗೇ ಒಂಥರಾ ಆಗತ್ತೆ” ಎಂದಳು ಕೌಂಟರಿನ ಹುಡುಗಿ. “ಆದ್ರೆ ಅವರೆಲ್ಲ ನಾಲ್ಕು ದಿನದಿಂದ ಇಲ್ಲೇ ಬಿದ್ದಿದಾರೆ.”

ಚೀಲ ಹಿಡಿದು ನಿಂತವನ ಪಕ್ಕದಲ್ಲಿ ಒಬ್ಬ ಮುದುಕಿ ತನ್ನ ಪೆಟ್ಟಿಗೆಯ ಮೇಲೆಯೇ ಕೂತಿದ್ದಳು. “ತಾವೂ ನೆಟ್ಟಗೆ ಓಡ್ಸಲ್ಲ, ಬೇರೆಯೋರಿಗೂ ಬಿಡಲ್ಲ. ಯಾವ ಪುಣ್ಯಾತ್ಮ ಕೂತು ಹಿಂಗೆ ಮಾಡ್ತಾನೋ ಕಾಣೆ” ಎಂದಳು, ಅವನು ತನ್ನಂಥವನೇ ಎಂದುಕೊಂಡು. ಅಳಿಯನಿಗೆ ಅವಳ ಮುಖ ನೋಡಲಾಗಲಿಲ್ಲ. ಅವಳಿಗೆ ಸೀಟು ಸಿಕ್ಕಿತು, ಅವನಿಗೆ ಸಿಗಲಿಲ್ಲ.

ಕೊನೆಗೆ ಸುತ್ತಿ ಬಳಸಿ ಮೂಗು ಹಿಡಿದಂತೆ, ಇನ್ನೊಂದು ದೇಶಕ್ಕೆ ಹೋಗಿ, ಅಲ್ಲಿ ಒಂದು ಹಗಲು ಕಾದು, ಯಾವ ಕಂಪನಿಗೆ ಬಾಗಿಲು ಹಾಕಿದ್ದನೋ ಅದೇ ಕಂಪನಿಯ ವಿಮಾನ ಹತ್ತಿ ತಂಗಿಯ ಊರು ಸೇರಿದ. ಮನೆಯ ಮುಂದೆ ಚಪ್ಪಲಿಗಳ ರಾಶಿ ಇರಲಿಲ್ಲ. ಬಂದವರೆಲ್ಲ ಆಗಲೇ ಹೋಗಿದ್ದರು. ಹಿಂದಿನ ದಿನವೇ ಎಲ್ಲ ಮುಗಿದಿತ್ತು.

ಭಾವ ಅವನ ಕೈಯಿಂದ ಚೀಲ ಇಸಿದುಕೊಂಡು ಒಳಗೆ ಕೂರಿಸಿದರು. ಗೋಡೆಗೆ ತಾಗಿಸಿದ್ದ ಮಂಚದ ಮೇಲಿನ ಹಾಸಿಗೆ ತೆಗೆದು ಬರಿಯ ಹಲಗೆ ಉಳಿಸಿದ್ದರು. ಪುಟ್ಟಿ ನೀರು ತಂದುಕೊಟ್ಟು ಎದುರಿಗೆ ಕೂತಳು.

“ವಿಮಾನ ಇಲ್ವಂತೆ ಅಂದ್ರೆ ಅಮ್ಮ ನಂಬಲೇ ಇಲ್ಲ ಮಾವ. ನಮ್ಮಣ್ಣ ವಿಮಾನದೋನು, ಅವನಿಗಿಲ್ಲದ ಸೀಟು ಇನ್ಯಾರಿಗೆ ಅಂತಿದ್ಲು. ಅವನೇ ಬೇಕು ಅಂತ್ಲೇ ತಡ ಮಾಡ್ತಿದಾನೆ, ನನ್ನ ಹಿಂಗೆ ನೋಡೋಕೆ ಅವನ ಕೈಲಿ ಆಗಲ್ಲ ಅಂದ್ಲು.”

ಅಳಿಯ ಅತ್ತ. ಎಷ್ಟೋ ವರ್ಷದಿಂದ ಅಳದವನು ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ತಂಗಿಯ ಕೊನೆಯ ಲೆಕ್ಕದಲ್ಲಿ ತಾನು ಹೇಡಿಯಾಗಿ ಉಳಿದೆನಲ್ಲ ಎಂಬ ಸಂಕಟ ಒಂದು ಕಡೆ, ನಿಜ ಅದಕ್ಕಿಂತ ಹೀನವಾಗಿದೆಯಲ್ಲ ಎಂಬುದು ಇನ್ನೊಂದು ಕಡೆ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಹೇಳಿದ. ದಿನಾ ಬರುತ್ತೇವೆ ಅಂದವರಿಗೆ ಬೇಡ ಎಂದು ಬರೆದವನು ತಾನೇ ಎಂದ. ಒಂದು ಸಲವಲ್ಲ, ಎರಡು ಸಲ, ಎರಡು ಕುರ್ಚಿಯಲ್ಲಿ ಕೂತು.

ಭಾವ ತಲೆ ತಗ್ಗಿಸಿದರು.

“ನನ್ನಣ್ಣನೂ ನಿಮ್ಮ ದೇಶದಲ್ಲೇ ಕೆಲಸಕ್ಕಿರೋದು” ಎಂದಳು ಪುಟ್ಟಿ. “ಅವನಿಗೂ ಸೀಟು ಸಿಕ್ಕಿಲ್ಲ, ಇನ್ನೂ ಬಂದಿಲ್ಲ. ಆಗೋದಿದ್ರೆ ಅದನ್ನ ಸರಿ ಮಾಡಿ.” ‘ಮಾವ’ ಎಂದು ಕರೆಯಲಿಲ್ಲ. ಎದ್ದು ಒಳಗೆ ಹೋದವಳು ಅವನು ಹೊರಡುವಾಗಲೂ ಬಾಗಿಲಿಗೆ ಬರಲಿಲ್ಲ.

ಮರುವರ್ಷ ಆ ಕಂಪನಿ ಮತ್ತೆ ಅರ್ಜಿ ಹಾಕಿತು. ಅಳಿಯ ತನ್ನ ಮೇಜಿನಲ್ಲಿ ಕೂತು ಕಂಪನಿ ಹೇಳಿದಂತೆ ‘ಬೇಡ’ ಎಂದು ಬರೆದ. ರಸ್ತೆ ದಾಟಿ ಇಲಾಖೆಯ ಕುರ್ಚಿಯಲ್ಲಿ ಕೂತು, ಜನ ಪಡುತ್ತಿರುವ ಪಾಡನ್ನು ವಿವರವಾಗಿ ಬರೆದು, ಅನುಮತಿ ಕೊಡಬೇಕು ಎಂದ. ಅಧಿಕಾರಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕಣ್ಣು ಬಿಟ್ಟರು.

“ಏನ್ರೀ ಇದು, ನೀವೇ ಬೇಡ ಅಂತೀರಿ, ನೀವೇ ಕೊಡಿ ಅಂತೀರಿ?”

“ಅಲ್ಲಿ ಕಂಪನಿಯೋನಾಗಿ ಬರೆದೆ ಸರ್. ಇದು ಸರಕಾರದ ಕುರ್ಚಿ. ಇಲ್ಲಿ ಕೂತು ಜನರ ಮಾತು ಬರೀಬೇಕಿತ್ತು, ಇಷ್ಟು ದಿನ ಬರೀಲಿಲ್ಲ.”

ಸಂಜೆಯೊಳಗೆ ಸುದ್ದಿ ಎರಡೂ ಕಟ್ಟಡ ಸುತ್ತಿತು. ಅಳಿಯನನ್ನು ಕಳೆದುಹೋದ ಸಾಮಾನಿನ ವಿಭಾಗಕ್ಕೆ ಹಾಕಿದರು. ಅವನ ಕುರ್ಚಿಗೆ ಬಂದವನು ಒಂದೇ ವಾರದಲ್ಲಿ ಎರಡು ಕಾಗದವನ್ನೂ ಮೊದಲಿನಂತೆ ಹೊಂದಿಸಿ ಬರೆದ, ಅರ್ಜಿಯನ್ನು ತಳ್ಳಿಹಾಕಿದರು. ಹೊಸಬನಿಗೂ ಎರಡು ಕಡೆ ಚಹಾ ಬರುತ್ತಿತ್ತು ಎಂದು ಬೇರೆ ಹೇಳಬೇಕೇ.

ಯಾರದೋ ಹಿಡಿ ಕಿತ್ತ ಸೂಟ್‌ಕೇಸುಗಳ ನಡುವೆ ನಿಂತು ಅಳಿಯ ಫೋನು ಮಾಡಿದ. ತಂಗಿ ಹೋದಮೇಲೆ ಮೂರು ಸಲ ಮಾಡಿದ್ದ, ಪ್ರತಿ ಸಲವೂ ಭಾವನೇ ಎತ್ತಿಕೊಂಡಿದ್ದರು. ಈ ಸಲ ಎತ್ತಿದ್ದು ಪುಟ್ಟಿ.

“ಬರೆದೆ ಕಣಮ್ಮ” ಎಂದ. “ಆಗಲಿಲ್ಲ. ನನ್ನನ್ನೂ ಅಲ್ಲಿಂದ ತೆಗೆದ್ರು.”

ಅವಳು ಇಟ್ಟುಬಿಡುತ್ತಾಳೆ ಎಂದುಕೊಂಡು ಅವನು ಕಿವಿಗೆ ಫೋನು ಇನ್ನಷ್ಟು ಒತ್ತಿ ಹಿಡಿದ.

“ಊಟ ಆಯ್ತಾ ಮಾವ?” ಎಂದಳು ಪುಟ್ಟಿ.